ಥ್ರ್ಯಾಶ್ ದಿಗ್ಗಜರು ನಾಲ್ವರೇನಾ? ಹಾಗಾದ್ರೆ ಎಕ್ಸೋಡಸ್‌ನ ಎಲ್ಲಿ ಕೂರಿಸ್ತೀರ?

ಬಸವನಗುಡಿ ರಿಫ್:

ಮೊನ್ನೆ ಭಾನುವಾರ ನಮ್ಮ ಪ್ರಾಕ್ಟೀಸ್ ರೂಮಿಗೆ ಹೊಸ ಹುಡುಗ ಒಬ್ಬ ಬಂದ. ಹತ್ತೊಂಬತ್ತು ವರ್ಷ, ಗಿಟಾರ್ ಮೇಲೆ ಬಲಗೈ ಚೆನ್ನಾಗಿ ಓಡುತ್ತೆ. ಥ್ರ್ಯಾಶ್‌ನಲ್ಲಿ, ಅಂದ್ರೆ ಹೆವಿ ಮೆಟಲ್‌ನ ಆ ವೇಗದ ಪ್ರಕಾರದಲ್ಲಿ, ಏನೇನು ಕೇಳಿದೀಯಪ್ಪ ಅಂದೆ. "ಬಿಗ್ ಫೋರ್ ಎಲ್ಲಾ ಮುಗಿಸಿದೀನಿ ಸರ್" ಅಂದ. ಅಂದ್ರೆ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್, ಈ ನಾಲ್ಕು ಬ್ಯಾಂಡು. ಎಕ್ಸೋಡಸ್ ಬ್ಯಾಂಡ್ ಕೇಳಿದೀಯಾ ಅಂದ್ರೆ ಮುಖ ಮುಖ ನೋಡಿದ. ಅವನ ತಪ್ಪಲ್ಲ. ಎಲ್ಲಿ ಹುಡುಕಿದ್ರೂ ಆ ನಾಲ್ಕು ಹೆಸರೇ ಮೊದಲು ಸಿಗೋದು. ಅಲ್ಲಿಗೆ ಸಿಲಬಸ್ ಮುಗೀತು ಅಂತ ಯಾರಿಗಾದ್ರೂ ಅನ್ನಿಸುತ್ತೆ.

ಅದಕ್ಕೇ ಇಲ್ಲಿ ಕೇಳ್ತಾ ಇದೀನಿ. ಈ ನಾಲ್ಕರ ಪಟ್ಟಿ ಸಂಗೀತದ ತೀರ್ಪಾ, ವ್ಯಾಪಾರದ ಲೆಕ್ಕಾನಾ? ವ್ಯಾಪಾರದ ಲೆಕ್ಕ ಅಂತ ನಾನಂತೀನಿ. 1984ರಲ್ಲಿ ಮೆಟಾಲಿಕಾ ಎಲೆಕ್ಟ್ರಾ ಅನ್ನೋ ರೆಕಾರ್ಡ್ ಕಂಪನಿ ಸೇರ್ತು. ಆಮೇಲೆ ಎರಡು ವರ್ಷದೊಳಗೆ ಆಂಥ್ರಾಕ್ಸ್ ಐಲ್ಯಾಂಡ್ ಮೂಲಕ, ಮೆಗಾಡೆತ್ ಕ್ಯಾಪಿಟಲ್ ಮೂಲಕ, ಸ್ಲೇಯರ್ ಡೆಫ್ ಜ್ಯಾಮ್ ಮೂಲಕ ದೊಡ್ಡ ಮಾರ್ಕೆಟ್ಟಿಗೆ ಬಂದ್ವು. ಯಾರ ರೆಕಾರ್ಡು ಊರೂರಿನ ಅಂಗಡಿಗೆ ತಲುಪ್ತೋ ಅವರು ದೊಡ್ಡವರಾದ್ರು. 2010ರ ಜೂನ್‌ನಲ್ಲಿ ವಾರ್ಸಾದಲ್ಲಿ ನಾಲ್ವರೂ ಮೊದಲ ಸಲ ಒಂದೇ ವೇದಿಕೆ ಹತ್ತಿದ್ರು, ಅದೇ ತಿಂಗಳು ಸೋಫಿಯಾದ ಕಾರ್ಯಕ್ರಮ ಥಿಯೇಟರುಗಳಲ್ಲಿ ನೇರ ಪ್ರಸಾರ ಆಯ್ತು. ಪಟ್ಟಿಗೆ ಸೀಲ್ ಬಿದ್ದಿದ್ದು ಅವತ್ತು.

ಈಗ ಎಕ್ಸೋಡಸ್ ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ಬೇ ಪ್ರದೇಶದಲ್ಲಿ ಮೆಟಾಲಿಕಾ ಬಂದು ನೆಲೆಸೋದಕ್ಕೆ ಮೊದಲೇ ಇದ್ದವರು. ಮೆಟಾಲಿಕಾ ಶುರುವಾಗಿದ್ದು ಲಾಸ್ ಏಂಜಲೀಸ್‌ನಲ್ಲಿ, ಬಾಸಿಸ್ಟ್ ಕ್ಲಿಫ್ ಬರ್ಟನ್ ಬೇಕು ಅಂತ ಉತ್ತರಕ್ಕೆ ಗಂಟುಮೂಟೆ ಕಟ್ಟಿದ್ರು. 1983ರ ಏಪ್ರಿಲ್‌ನಲ್ಲಿ ಗಿಟಾರಿಸ್ಟ್ ಡೇವ್ ಮಸ್ಟೇನ್‌ನ ನ್ಯೂಯಾರ್ಕ್‌ನಿಂದ ಬಸ್ ಹತ್ತಿಸಿ ಕಳಿಸಿ, ಅವನ ಜಾಗಕ್ಕೆ ಕರೆಸಿದ್ದು ಎಕ್ಸೋಡಸ್ ಕಟ್ಟಿದವರಲ್ಲೇ ಒಬ್ಬನಾದ ಕರ್ಕ್ ಹ್ಯಾಮೆಟ್‌ನ. ಅವನು ಖಾಲಿ ಕೈಯಲ್ಲಿ ಹೋಗಲಿಲ್ಲ. ಮೆಟಾಲಿಕಾದ 'ಕ್ರೀಪಿಂಗ್ ಡೆತ್' ಹಾಡಿನ ಮಧ್ಯೆ ಜನ ಮುಷ್ಟಿ ಎತ್ತಿ ಕೂಗೋ ಭಾಗ ಇದೆಯಲ್ಲ, ಅದು ಎಕ್ಸೋಡಸ್‌ನ ಹಳೇ ಹಾಡಿನದು.

ಎಕ್ಸೋಡಸ್‌ನ ಮೊದಲ ಆಲ್ಬಮ್ 'ಬಾಂಡೆಡ್ ಬೈ ಬ್ಲಡ್' 1984ರಲ್ಲೇ ರೆಕಾರ್ಡ್ ಆಗಿತ್ತು. ಮುಖಪುಟದ ರಗಳೆ, ಅದೂ ಇದೂ ಅಂತ ಹೊರಗೆ ಬಂದಿದ್ದು 1985ರಲ್ಲಿ. ಆ ಕಾಲಕ್ಕೆ ಆರೇಳು ತಿಂಗಳು ಅಂದ್ರೆ ಒಂದು ಯುಗ. ಅಷ್ಟಕ್ಕೇ ಅವರು 'ಎರಡನೇ ಸಾಲಿನವರು' ಆಗಿಬಿಟ್ರೆ ಹೇಗೆ?

ಕ್ಯಾಸೆಟ್ ಕಾಲ:

ತಮ್ಮಾ, ಕಂಪನಿಯವರು ಪಟ್ಟಿ ಮಾಡಿದ್ರು ಅನ್ನೋದು ಅರ್ಧ ಸತ್ಯ. ಉಳಿದರ್ಧ ಕೇಳು.

1986ರ ಮಾರ್ಚ್‌ನಲ್ಲಿ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಬಂತು. ಅದೇ ವರ್ಷ ಮೆಗಾಡೆತ್‌ನ 'ಪೀಸ್ ಸೆಲ್ಸ್'. ಅಕ್ಟೋಬರ್ 7ಕ್ಕೆ ಸ್ಲೇಯರ್‌ನ 'ರೇನ್ ಇನ್ ಬ್ಲಡ್'. ಮುಂದಿನ ಮಾರ್ಚ್‌ಗೆ ಆಂಥ್ರಾಕ್ಸ್‌ನ 'ಅಮಂಗ್ ದ ಲಿವಿಂಗ್'. ಸುಮಾರು ಒಂದು ವರ್ಷದಲ್ಲಿ ನಾಲ್ಕು ಬ್ಯಾಂಡು ತಮ್ಮ ತಮ್ಮ ದಾರಿ ಹುಡುಕಿಕೊಂಡವು, ಒಂದರ ಹಾಗೆ ಇನ್ನೊಂದಿಲ್ಲ. ಮೆಟಾಲಿಕಾ ಎಂಟು ನಿಮಿಷದ ಹಾಡನ್ನ ಮನೆ ಕಟ್ಟಿದ ಹಾಗೆ ಕಟ್ತು. ಸ್ಲೇಯರ್ ಬೇಡದ್ದನ್ನೆಲ್ಲ ಕೆತ್ತಿ ಹಾಕಿ ಹತ್ತು ಹಾಡನ್ನ 29 ನಿಮಿಷಕ್ಕೆ ಇಳಿಸ್ತು. ಮೆಗಾಡೆತ್ ಕಟ್ಟಿದ ಮಸ್ಟೇನ್ ಗಿಟಾರ್ ಕೆಲಸಕ್ಕೆ ಜ್ಯಾಝ್ ಬಲ್ಲವರನ್ನ ಜೊತೆಗಿಟ್ಟುಕೊಂಡ. ಆಂಥ್ರಾಕ್ಸ್ ಬೀದಿಯ ಉತ್ಸಾಹ ತಂತು. ಮಾರ್ಕೆಟಿಂಗ್‌ನವರು ಕೂತು ಇಂಥದ್ದನ್ನ ಹುಟ್ಟಿಸೋಕೆ ಆಗಲ್ಲ.

ನಾವು ಕಾಲೇಜಿನಲ್ಲಿದ್ದಾಗ ಫಾರಿನ್‌ನಿಂದ ಯಾರದೋ ಅಣ್ಣ ತಂದ ಒಂದು ಕ್ಯಾಸೆಟ್‌ನಿಂದ ಇಪ್ಪತ್ತು ಕಾಪಿ ಆಗ್ತಿತ್ತು. 'ರೇನ್ ಇನ್ ಬ್ಲಡ್' 60 ನಿಮಿಷದ ಕ್ಯಾಸೆಟ್‌ನ ಒಂದೇ ಬದಿಗೆ ಪೂರ್ತಿ ಹಿಡೀತಿತ್ತು. ನಾನು ಎರಡೂ ಬದಿಗೆ ಅದನ್ನೇ ತುಂಬಿಸಿಕೊಂಡಿದ್ದೆ. ಒಂದು ಬದಿ ಮುಗಿದ ತಕ್ಷಣ ತಿರುಗಿಸಿ ಹಾಕಿದ್ರೆ ಮತ್ತೆ ಮೊದಲಿಂದ. ಟೇಪು ಸವೆದು ಮಳೆ ಬಂದ ಹಾಗೆ ಸದ್ದು ಬರೋವರೆಗೂ ಕೇಳಿದ್ದೀನಿ. ಆ ಕ್ಯಾಸೆಟ್ ಮೇಲೆ ಯಾವ ಕಂಪನಿ ಹೆಸರೂ ಇರಲಿಲ್ಲ, ನನ್ನ ಕೈಬರಹ ಮಾತ್ರ. ಹಾಗಿದ್ದೂ ಅದು ದೊಡ್ಡದು ಅಂತ ನಮಗೆ ಗೊತ್ತಾಗಿತ್ತು.

ಎಕ್ಸೋಡಸ್ ಒಳ್ಳೇ ಬ್ಯಾಂಡು, ನಾನೂ ಒಪ್ತೀನಿ. ಆದರೆ ಒಂದು ಆಲ್ಬಮ್ ಆದ ಮೇಲೆ ಹಾಡುಗಾರ ಪಾಲ್ ಬೇಲಾಫ್‌ನ ಬಿಟ್ಟುಕೊಟ್ರು, ಎರಡನೇದು ಬರೋ ಹೊತ್ತಿಗೆ 1987. ದೊಡ್ಡತನ ಅಂದ್ರೆ ಬೆನ್ನುಬೆನ್ನಿಗೆ ಮಾಡಿ ತೋರಿಸೋದೂ ಸೇರುತ್ತೆ.

ಡಬಲ್ ಪೆಡಲ್:

ಡ್ರಮ್ಸ್ ಕಡೆಯಿಂದ ಯಾರೂ ಮಾತಾಡಲಿಲ್ಲ, ನಾನು ಮಾತಾಡ್ತೀನಿ. ಥ್ರ್ಯಾಶ್ ಅಂದ್ರೆ ಬ್ರಿಟನ್ನಿನ ಹೆವಿ ಮೆಟಲ್‌ಗೆ ಪಂಕ್‌ನ ಸಿಟ್ಟು, ವೇಗ ಸೇರಿದ್ದು ಅಂತ ಎಲ್ಲಾ ಕಡೆ ಬರೀತಾರೆ. ಆ ವೇಗ ಹೊತ್ತವರು ಯಾರು? ಕಾಲಲ್ಲಿ ಹೊತ್ತವರು ಡ್ರಮ್ಮರ್‌ಗಳು.

ಸ್ಲೇಯರ್‌ನ ಡೇವ್ ಲೊಂಬಾರ್ಡೊ. ಕ್ಯೂಬಾದ ಹವಾನಾದಲ್ಲಿ ಹುಟ್ಟಿದವನು, ಚಿಕ್ಕ ವಯಸ್ಸಲ್ಲೇ ಕ್ಯಾಲಿಫೋರ್ನಿಯಾಕ್ಕೆ ಬಂದವನು. 'ಏಂಜಲ್ ಆಫ್ ಡೆತ್' ಹಾಡಿನ ಕೊನೆ ಕಡೆ ಎಲ್ಲಾ ವಾದ್ಯ ನಿಂತು ಅವನ ಎರಡು ಕಾಲು ಮಾತ್ರ ಓಡೋ ಜಾಗ ಇದೆ. ಕೆಲವೇ ಸೆಕೆಂಡು. ಅದನ್ನ ನಾನು ಮೈಸೂರಿನ ನಮ್ಮನೆ ಮಹಡಿ ಮೇಲೆ ಎರಡು ವರ್ಷ ಅಭ್ಯಾಸ ಮಾಡಿದ್ದೀನಿ. ವೇಗ ಬರುತ್ತೆ, ಅದು ಕಷ್ಟ ಅಲ್ಲ. ಅಷ್ಟು ವೇಗದಲ್ಲೂ ಒಂದೊಂದು ಪೆಟ್ಟೂ ಒಂದೇ ತೂಕದಲ್ಲಿ ಬೀಳಬೇಕು, ಎಡಗಾಲು ಸೋತು ಮೆತ್ತಗಾಗಬಾರದು. ಅಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳೋದು. ಹಾಗಾಗಿ ಸ್ಲೇಯರ್ ಬಗ್ಗೆ ನನ್ನ ಹತ್ತಿರ ಚರ್ಚೆ ಇಲ್ಲ.

ಆದರೆ ಅದೇ 1986ರಲ್ಲಿ ಡಾರ್ಕ್ ಏಂಜಲ್ ಬ್ಯಾಂಡಿನ 'ಡಾರ್ಕ್‌ನೆಸ್ ಡಿಸೆಂಡ್ಸ್' ಬಂತು. ಡ್ರಮ್ಮರ್ ಜೀನ್ ಹೋಗ್ಲನ್, ಮೊದಲು ಸ್ಲೇಯರ್ ಜೊತೆ ಸಾಮಾನು ಹೊತ್ತು ಓಡಾಡಿದ ಹುಡುಗ. ಡೆತ್ ಏಂಜಲ್ ಗೊತ್ತಲ್ಲ, ಫಿಲಿಪೀನ್ಸ್ ಮೂಲದ ಅಣ್ಣತಮ್ಮಂದಿರ ಮಕ್ಕಳೆಲ್ಲ ಸೇರಿ ಕಟ್ಟಿದ ಬ್ಯಾಂಡು. 1987ರಲ್ಲಿ ಅವರ ಮೊದಲ ಆಲ್ಬಮ್ ಬಂದಾಗ ಡ್ರಮ್ಮರ್ ಆಂಡಿ ಗೇಲಿಯಾನ್‌ಗೆ ಹದಿನಾಲ್ಕು ವರ್ಷ. ಹದಿನಾಲ್ಕು! ಇವರ ಹೆಸರೇ ಎತ್ತದೆ ದಿಗ್ಗಜರ ಮಾತಾಡಿದ್ರೆ ನನಗೆ ಸಮಾಧಾನ ಆಗಲ್ಲ.

ಹುಬ್ಬಳ್ಳಿ ಹುಡುಗ:

ಅಣ್ಣಾರ, ಮೊದಲ ಆಂಥ್ರಾಕ್ಸ್ ವಿಷಯ ಮುಗಸೂಣ್ರಿ. ಆ ಜಾಗಾ ಟೆಸ್ಟಮೆಂಟ್ ಬ್ಯಾಂಡಿಂದು. 1987ರಾಗ 'ದ ಲೆಗಸಿ', ಮರುವರ್ಷ 'ದ ನ್ಯೂ ಆರ್ಡರ್'. ಮೊದಲನೇ ಆಲ್ಬಮ್ ನುಡಿಸಿದಾಗ ಅವರ ಗಿಟಾರಿಸ್ಟ್ ಅಲೆಕ್ಸ್ ಸ್ಕೋಲ್ನಿಕ್‌ಗ ಇನ್ನೂ ಇಪ್ಪತ್ತು ತುಂಬಿದ್ದಿಲ್ಲ. ಅವನ ಸೋಲೋ ಕೇಳ್ರಿ, ಒಂದೊಂದು ಸ್ವರಾನೂ ಹಾಡಿದಂಗ ಇರ್ತದ. ಬರೇ ಓಡಿಸೂದಲ್ಲ. ಹಾಡುಗಾರ ಚಕ್ ಬಿಲಿ ದನಿ ಅಂತೂ ನಲವತ್ತು ವರ್ಷ ಆಗಾಕ ಬಂತು, ಕುಗ್ಗಿಲ್ಲ.

ಇನ್ನೊಂದು ಮಾತು. ಸ್ಕೋಲ್ನಿಕ್ ಗಿಟಾರ್ ಕಲಿತದ್ದು ಜೋ ಸಾಟ್ರಿಯಾನಿ ಅನ್ನೂ ಗಿಟಾರ್ ಗುರು ಹತ್ರ. ಕರ್ಕ್ ಹ್ಯಾಮೆಟ್ಟೂ ಅವನ ಹತ್ರನ ಕಲಿತಾನ. ನಮ್ಮ ಕಡೆ ಇದು ಹೊಸಾದಲ್ಲ ನೋಡ್ರಿ. ಕುಂದಗೋಳದ ಸವಾಯಿ ಗಂಧರ್ವರ ಹತ್ರ ಭೀಮಸೇನ ಜೋಶಿಯವರೂ ಕಲಿತ್ರು, ಗಂಗೂಬಾಯಿ ಹಾನಗಲ್ಲರೂ ಕಲಿತ್ರು. ಒಬ್ಬರ ರೆಕಾರ್ಡು ಹೆಚ್ಚು ಮಾರಿತು ಅಂತ ಇನ್ನೊಬ್ಬರನ್ನ ಯಾರರೆ ಎರಡನೇ ಸಾಲಿಗೆ ಕೂಡಸ್ತಾರೇನ್ರಿ? ಒಂದ ಮನೆತನದ ಗಾಯನ ಅದು. ಬೇ ಏರಿಯಾನೂ ಹಂಗ ಒಂದು ಘರಾಣೆ ಅಂತ ತಿಳ್ಕೊಳ್ರಿ. ಆಗ ಎಕ್ಸೋಡಸ್, ಟೆಸ್ಟಮೆಂಟ್, ಡೆತ್ ಏಂಜಲ್ ಎಲ್ಲಾರೂ ಒಳಗ ಬರ್ತಾರ.

ಕುಡ್ಲ ವಾಯ್ಸ್:

ಹುಬ್ಬಳ್ಳಿಯವರೇ, ಘರಾಣೆ ಮಾತು ನನಗೆ ತುಂಬಾ ಇಷ್ಟ ಆಯ್ತು. ಆದ್ರೆ ಆಂಥ್ರಾಕ್ಸನ್ನು ಅಷ್ಟು ಸುಲಭದಲ್ಲಿ ತೆಗೀಲಿಕ್ಕೆ ನಾನು ಬಿಡುದಿಲ್ಲ ಮಾರಾಯ್ರೆ.

ಮೊದಲನೇದು, 'ಥ್ರ್ಯಾಶ್ ಮೆಟಲ್' ಎನ್ನುವ ಹೆಸರು ಅಚ್ಚಿಗೆ ಬಂದದ್ದೇ ಅವರ ಹಾಡಿನ ದೆಸೆಯಿಂದ. 1984ರಲ್ಲಿ ಬ್ರಿಟನ್ನಿನ ಕೆರಾಂಗ್ ಪತ್ರಿಕೆಯಲ್ಲಿ ಮಾಲ್ಕಂ ಡೋಮ್ ಆಂಥ್ರಾಕ್ಸಿನ 'ಮೆಟಲ್ ಥ್ರ್ಯಾಶಿಂಗ್ ಮ್ಯಾಡ್' ಹಾಡಿನ ಬಗ್ಗೆ ಬರೆಯುವಾಗ ಆ ಪದ ಬಳಸಿದ್ದು. ಎರಡನೇದು, 1983ರಲ್ಲಿ ಮೆಟಾಲಿಕಾದವರು ನ್ಯೂಯಾರ್ಕಿಗೆ ಬಂದು ಕಾಸಿಲ್ಲದೆ ಪ್ರಾಕ್ಟೀಸ್ ಕಟ್ಟಡದಲ್ಲೇ ಮಲಗ್ತಿದ್ದಾಗ ಅವರಿಗೆ ಫ್ರಿಡ್ಜ್ ತಂದುಕೊಟ್ಟವರು ಇದೇ ಆಂಥ್ರಾಕ್ಸಿನವರು. ಅದು ಸಂಗೀತ ಅಲ್ಲ ಅಂತ ಹೇಳ್ಬಹುದು. ನನಗೆ ಅದೂ ಲೆಕ್ಕಕ್ಕೆ ಉಂಟು. ಒಂದು ಪ್ರಕಾರ ಬೆಳೆಯುವುದು ಹಾಗೆಯೇ.

ಮೂರನೇದು ದೊಡ್ಡದು. ಉಳಿದವರು ಸಾವು, ಯುದ್ಧ, ನರಕ ಅಂತ ಹಾಡುವಾಗ ಇವರು 1987ರಲ್ಲಿ ಅಮೆರಿಕದ ಮೂಲನಿವಾಸಿಗಳ ನೆಲ ಕಿತ್ತುಕೊಂಡದ್ದರ ಬಗ್ಗೆ 'ಇಂಡಿಯನ್ಸ್' ಹಾಡಿದ್ರು. 1991ರಲ್ಲಿ ಪಬ್ಲಿಕ್ ಎನಿಮಿ ಜೊತೆ 'ಬ್ರಿಂಗ್ ದ ನಾಯ್ಸ್' ಮಾಡಿದ್ರು, ಒಟ್ಟಿಗೆ ಊರೂರು ತಿರುಗಿದ್ರು. ಬಿಳಿಯರ ಮೆಟಲ್ ಕೇಳುಗರ ಎದುರು ಕರಿಯರ ರ‍್ಯಾಪ್ ತಂಡವನ್ನು ಸಮಸಮವಾಗಿ ನಿಲ್ಲಿಸಿದ್ದು ಸಣ್ಣ ಧೈರ್ಯ ಅಲ್ಲ. ಅವರ ಗಿಟಾರಿಸ್ಟ್ ಸ್ಕಾಟ್ ಇಯಾನ್‌ನ ರಿದಂ ಕೈ ಕೇಳಿ, ಗಡಿಯಾರದ ಹಾಗೆ. ಅವರು ಇರ್ಲಿ.

ನಾನು ಸೇರಿಸ್ಬೇಕು ಅನ್ನುವ ಹೆಸರು ಬೇರೆಯೇ ಉಂಟು. ನೀವೆಲ್ಲ ಅಮೆರಿಕದಲ್ಲೇ ತಿರುಗ್ತಿದ್ದೀರಿ. ಬ್ರೆಜಿಲ್ ಎಲ್ಲಿ?

ಸೆಪುಲ್ಟುರಾ. ಪೋರ್ಚುಗೀಸಿನಲ್ಲಿ ಸಮಾಧಿ ಅಂತ ಅರ್ಥ. 1984ರಲ್ಲಿ ಬೆಲೊ ಹೊರಿಜೊಂಚಿ ಊರಲ್ಲಿ ಕಾವಲೇರಾ ಅಣ್ಣತಮ್ಮ ಶುರು ಮಾಡಿದ್ದು. ಸಣ್ಣ ಇರುವಾಗಲೇ ಅಪ್ಪ ತೀರಿಹೋಗಿದ್ರು. ದೇಶದಲ್ಲಿ ಇಪ್ಪತ್ತು ವರ್ಷದಿಂದ ಮಿಲಿಟರಿ ಆಡಳಿತ, 1985ರಲ್ಲಿ ಅಷ್ಟೇ ಮುಗಿದದ್ದು. ಒಳ್ಳೆಯ ಆಂಪ್ ಇಲ್ಲ, ಸ್ಟುಡಿಯೋದಲ್ಲಿ ಮೆಟಲ್ ಅಂದ್ರೆ ಎಂತ ಅಂತ ಗೊತ್ತಿರುವವರಿಲ್ಲ. ಮ್ಯಾಕ್ಸ್ ಕಾವಲೇರಾ ಗಿಟಾರಿನಲ್ಲಿ ನಾಲ್ಕೇ ತಂತಿ ಇಟ್ಟುಕೊಂಡು ನುಡಿಸ್ತಾನೆ, ಇವತ್ತಿಗೂ. ಅಲ್ಲಿಂದ ಹೊರಟು 1989ರಲ್ಲಿ 'ಬಿನೀತ್ ದ ರಿಮೇನ್ಸ್', 1991ರಲ್ಲಿ 'ಅರೈಸ್'. ಆಗ ಅಮೆರಿಕದ ದೊಡ್ಡವರು ವೇಗ ಕಡಿಮೆ ಮಾಡ್ತಾ ಇದ್ರು.

ನಾನು ಹಾಡುವವಳು. ಆ ಆಲ್ಬಮುಗಳಲ್ಲಿ ಮ್ಯಾಕ್ಸ್‌ನ ಇಂಗ್ಲಿಷ್ ಉಚ್ಚಾರ ಕೇಳುವಾಗ ನನಗೆ ಧೈರ್ಯ ಬಂದದ್ದು. ಅವನ ನಾಲಿಗೆ ಅಮೆರಿಕದ್ದಲ್ಲ, ಅವನು ಅದನ್ನು ಮುಚ್ಚಿಡ್ಲಿಕ್ಕೂ ಹೋಗಲಿಲ್ಲ. ಮಂಗಳೂರಲ್ಲಿ ಕೂತು ಹಾಡುವವಳಿಗೆ ಅದಕ್ಕಿಂತ ದೊಡ್ಡ ಪಾಠ ಬೇರೆ ಬ್ಯಾಂಡು ಕೊಟ್ಟದ್ದಿಲ್ಲ.

ಡಬಲ್ ಪೆಡಲ್:

ಅಕ್ಕ, ಈಗ ಹೇಳಿದ್ರಿ ನೋಡಿ. ಸೆಪುಲ್ಟುರಾದ ಡ್ರಮ್ಮರ್ ಇಗೋರ್ ಕಾವಲೇರಾ ಹೆಸರು ನಾನೇ ಮೊದಲು ಎತ್ತಬೇಕಿತ್ತು. ಟಾಮ್ ಡ್ರಮ್‌ಗಳ ಮೇಲೆ ಅವನ ಕೈ ಹೋಗೋ ರೀತಿ ಅಮೆರಿಕದ ಯಾವ ಡ್ರಮ್ಮರ್‌ಗೂ ಇಲ್ಲ.

ರೂರ್ ಕಡೆಯಿಂದ:

ನಾನು ಶಿವಮೊಗ್ಗದವನು, ಎಂಟು ವರ್ಷದಿಂದ ಜರ್ಮನಿಯ ಎಸೆನ್‌ನಲ್ಲಿದ್ದೇನೆ. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಇನ್ನು ಸುಮ್ಮನಿರಲಿಕ್ಕೆ ಆಗಲಿಲ್ಲ.

ಇಲ್ಲಿ 107ನೇ ನಂಬರಿನ ಟ್ರ್ಯಾಮ್ ಇದೆ. ಎಸೆನ್ ರೈಲು ನಿಲ್ದಾಣದಿಂದ ಹತ್ತಿದರೆ ಗೆಲ್ಸೆನ್‌ಕಿರ್ಖೆನ್‌ಗೆ ಇಳಿಸುತ್ತದೆ. ಅಂದರೆ ಕ್ರಿಯೇಟರ್ ಬ್ಯಾಂಡಿನ ಊರಿಂದ ಸೋಡಮ್ ಬ್ಯಾಂಡಿನ ಊರಿಗೆ. ಮಧ್ಯದಲ್ಲಿ ತ್ಸೋಲ್‌ಫೆರೈನ್ ಕಲ್ಲಿದ್ದಲ ಗಣಿ ಸಿಗುತ್ತದೆ. ಗಣಿಯ ಬಾಯಿಯ ಮೇಲೆ ನಿಂತ ದೊಡ್ಡ ಕಬ್ಬಿಣದ ಗೋಪುರ ಈಗ ವಿಶ್ವ ಪರಂಪರೆಯ ತಾಣ, ಶಾಲೆ ಮಕ್ಕಳು ಸಾಲಾಗಿ ಬರುತ್ತಾರೆ. ಆ ಗಣಿ ಮುಚ್ಚಿದ್ದು 1986ರ ಡಿಸೆಂಬರ್‌ನಲ್ಲಿ. ಅದೇ 1986ರಲ್ಲಿ ಕ್ರಿಯೇಟರ್‌ನ 'ಪ್ಲೆಶರ್ ಟು ಕಿಲ್' ಬಂತು.

ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಸೋಡಮ್‌ನ ಟಾಮ್ ಏಂಜಲ್‌ರಿಪರ್ ಗಣಿಯಲ್ಲಿ ದುಡಿದವನು. ನೆಲದಡಿಯ ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿ ಅಂತಲೇ ಬ್ಯಾಂಡ್ ಕಟ್ಟಿದ. ಕ್ರಿಯೇಟರ್‌ನ ಮಿಲ್ಲೆ ಪೆಟ್ರೋಜಾ ಇಟಲಿ ಮೂಲದ ಕುಟುಂಬದ ಹುಡುಗ, ಈ ಗಣಿ, ಕಾರ್ಖಾನೆಗಳ ಬೀದಿಯಲ್ಲೇ ಬೆಳೆದವನು. ಇವರ ಹಾಡಿನಲ್ಲಿ ಕ್ಯಾಲಿಫೋರ್ನಿಯಾದ ಬಿಸಿಲಿಲ್ಲ. ಗಿಟಾರ್ ಸದ್ದು ಒರಟು, ದನಿ ಗಂಟಲು ಸೀಳಿಕೊಂಡು ಬರುವಂಥದ್ದು, ಡ್ರಮ್ಸ್ ಮುಗ್ಗರಿಸಿಯೇ ಬೀಳುತ್ತದೇನೋ ಅನ್ನುವಷ್ಟು ಮುಂದಕ್ಕೆ ವಾಲಿರುತ್ತದೆ. ಬೀಳುವುದಿಲ್ಲ. ನೈಋತ್ಯ ಮೂಲೆಯ ವೈಲ್ ಆಮ್ ರೈನ್‌ನ ಡಿಸ್ಟ್ರಕ್ಷನ್ ಸೇರಿದರೆ ಮೂರು. ಇಲ್ಲಿಯವರು ಫ್ರಾಂಕ್‌ಫರ್ಟ್‌ನ ಟ್ಯಾಂಕಾರ್ಡ್ ಸೇರಿಸಿ ತಮ್ಮದೇ ನಾಲ್ವರ ಪಟ್ಟಿ ಹೇಳುತ್ತಾರೆ.

ಬಸವನಗುಡಿಯವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು: ಆಮೇಲೆ ಬಂದವರು ಯಾರನ್ನು ಕೇಳಿ ಕಲಿತರು ಅಂತ ನೋಡಿ. ಡೆತ್ ಮೆಟಲ್, ಬ್ಲ್ಯಾಕ್ ಮೆಟಲ್ ಎರಡಕ್ಕೂ ಈ ಜರ್ಮನ್ ಬ್ಯಾಂಡುಗಳ ಕಡೆಯಿಂದ ನೇರ ದಾರಿ ಇದೆ. ಸೋಡಮ್‌ನ ಮೊದಲ ರೆಕಾರ್ಡುಗಳಿಲ್ಲದೆ ನಾರ್ವೆಯ ಬ್ಲ್ಯಾಕ್ ಮೆಟಲ್ ಊಹಿಸುವುದು ಕಷ್ಟ. 1989ರ 'ಏಜೆಂಟ್ ಆರೆಂಜ್' ಜರ್ಮನಿಯ ಚಾರ್ಟ್‌ಗೂ ಹತ್ತಿತು. ಆದ್ದರಿಂದ ಮಾರಾಟದ ಲೆಕ್ಕ ಹಿಡಿದರೂ ಅವರನ್ನು ಪೂರ್ತಿ ಹೊರಗಿಡಲಿಕ್ಕೆ ಬರುವುದಿಲ್ಲ. 2012ರ ಮೊದಲ ಬ್ಯಾಂಗಲೋರ್ ಓಪನ್ ಏರ್ ಮೆಟಲ್ ಉತ್ಸವಕ್ಕೆ ಕ್ರಿಯೇಟರ್ ಬಂದಾಗ ನಾನು ಊರಲ್ಲೇ ಇದ್ದೆ, ಮುಂದಿನ ಸಾಲಿನಲ್ಲಿ ನಿಂತಿದ್ದೆ. ಆಮೇಲೆ ಕೆಲಸದ ಮೇಲೆ ಇದೇ ಊರಿಗೆ ಬರುತ್ತೇನೆ ಅಂತ ಅವತ್ತು ಗೊತ್ತಿರಲಿಲ್ಲ.

ಕ್ಯಾಸೆಟ್ ಕಾಲ:

ಶಿವಮೊಗ್ಗದವರ ಮಾತು ಮನಸ್ಸಿಗೆ ಹಿಡಿಸಿತು. ಆದರೆ ಒಂದು ಎಚ್ಚರಿಕೆ ಹೇಳಬೇಕು. "ಯಾರು ಯಾರಿಗೆ ದಾರಿ ಮಾಡಿದ್ರು" ಅಂತ ಹಿಂದಕ್ಕೆ ಹೋಗ್ತಾ ಹೋದ್ರೆ ಎಲ್ಲೂ ನಿಲ್ಲಲ್ಲ. ಸೋಡಮ್‌ಗಿಂತ ಮೊದಲು ನ್ಯೂಕ್ಯಾಸಲ್‌ನ ವೆನಮ್ ಇದೆ, 1981, 1982ರ ಎರಡು ಆಲ್ಬಮ್. ವೆನಮ್‌ಗಿಂತ ಮೊದಲು ಮೋಟರ್‌ಹೆಡ್. ಮೆಟಾಲಿಕಾ ಕೈಗೆ ಹಾಡು ಬರೋಕೆ ಮೊದಲು ನುಡಿಸ್ತಿದ್ದಿದ್ದು ಡೈಮಂಡ್ ಹೆಡ್ ಹಾಡುಗಳನ್ನ. ಅವರನ್ನೆಲ್ಲ ಥ್ರ್ಯಾಶ್ ದಿಗ್ಗಜರು ಅಂತೀವಾ? ಇಲ್ಲ. ದಾರಿ ಮಾಡಿದವರಿಗೆ ಒಂದು ಗೌರವ, ಆ ಪ್ರಕಾರದೊಳಗೇ ನಿಂತು ಕೆಲಸ ಮಾಡಿದವರಿಗೆ ಇನ್ನೊಂದು. ಎರಡನ್ನೂ ಕಲಸಬಾರದು.

ಓವರ್‌ಕಿಲ್ ಅಭಿಮಾನಿ:

ನ್ಯೂಜೆರ್ಸಿಯ ಓವರ್‌ಕಿಲ್ 1980ರಿಂದ ಇವತ್ತಿನವರೆಗೆ ಒಂದು ಸಲವೂ ಬ್ಯಾಂಡ್ ಮುಚ್ಚಿಲ್ಲ, ಶೈಲಿ ಬಿಟ್ಟು ಎಲ್ಲೂ ಓಡಿ ಹೋಗಿಲ್ಲ. "ಬೆನ್ನುಬೆನ್ನಿಗೆ ಮಾಡಿ ತೋರಿಸಬೇಕು" ಅಂತ ಮೇಲೆ ಹಿರಿಯರು ಬರೆದಿದ್ದಾರೆ. ಆ ಅಳತೆಗೆ ಇವರಿಗಿಂತ ಸರಿಯಾಗಿ ಕೂರೋರು ಯಾರಿದ್ದಾರೆ ಸರ್?

ಬಸವನಗುಡಿ ರಿಫ್:

ಕ್ಯಾಸೆಟ್ ಕಾಲ ಅಣ್ಣ, ವೆನಮ್ ವಿಷಯದಲ್ಲಿ ನಿಮ್ಮ ಮಾತು ಸರಿ, ಒಪ್ಪಿದೆ. ಎಕ್ಸೋಡಸ್ ಆ ಸಾಲಿಗೆ ಸೇರಲ್ಲ ಅನ್ನೋದು ನನ್ನ ವಾದ. ಅವರು ದಾರಿ ಮಾಡಿ ಪಕ್ಕಕ್ಕೆ ನಿಂತವರಲ್ಲ, ಪ್ರಕಾರದ ನಟ್ಟನಡುವೆ ನಿಂತವರು. ಅದನ್ನ ಗಿಟಾರ್ ಇಟ್ಕೊಂಡೇ ಹೇಳ್ತೀನಿ.

ಥ್ರ್ಯಾಶ್ ರಿಫ್, ಅಂದ್ರೆ ಹಾಡಲ್ಲಿ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ಎಡಗೈ ಕೆಲಸ ಅಂದ್ಕೊಂಡಿರ್ತಾರೆ. ಅದು ಬಲಗೈ ಕೆಲಸ. ಅಂಗೈ ಅಂಚನ್ನ ಬ್ರಿಡ್ಜ್ ಹತ್ತಿರ ತಂತಿ ಮೇಲೆ ಇಡಬೇಕು. ಒತ್ತಡ ಜಾಸ್ತಿಯಾದ್ರೆ ಸದ್ದು ಸತ್ತೇ ಹೋಗುತ್ತೆ, ಕಡಿಮೆಯಾದ್ರೆ ತಂತಿ ಗುಂಯ್ ಅಂತ ಹರಡಿಬಿಡುತ್ತೆ. ಮಧ್ಯೆ ಒಂದು ಜಾಗ ಇದೆ, ಅಲ್ಲಿ ಇಟ್ರೆ ಬಾಗಿಲು ಬಡಿದ ಹಾಗೆ ದಪ್ಪಗೆ, ಚಿಕ್ಕದಾಗಿ ಸದ್ದು ಬರುತ್ತೆ. ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಅದನ್ನ ಪೂರ್ತಿ ಡೌನ್ ಸ್ಟ್ರೋಕ್‌ನಲ್ಲೇ, ಅಂದ್ರೆ ಮೇಲಿಂದ ಕೆಳಕ್ಕೆ ಮಾತ್ರ, ಹೊಡೀತಾನೆ. 'ಮಾಸ್ಟರ್ ಆಫ್ ಪಪೆಟ್ಸ್' ನಿಮಿಷಕ್ಕೆ 210ರ ಆಸುಪಾಸಿನ ಲಯ, ಪಿಕ್ ಮೇಲಕ್ಕೆ ಬರುವಾಗ ತಂತಿ ಮುಟ್ಟೋ ಹಾಗಿಲ್ಲ. ಎರಡು ನಿಮಿಷಕ್ಕೆ ಮುಂಗೈ ಉರಿ ಹತ್ತುತ್ತೆ. ಅದು ಅವನ ದೊಡ್ಡತನ, ಅದರಲ್ಲಿ ಎರಡು ಮಾತಿಲ್ಲ.

ಎಕ್ಸೋಡಸ್‌ನ ಗಿಟಾರಿಸ್ಟ್ ಗ್ಯಾರಿ ಹೋಲ್ಟ್‌ದು ಬೇರೆ. ಅವನ ರಿಫ್ ಒಂದೇ ಕಡೆ ಕೂತು ಬಡಿಯಲ್ಲ, ಬಡೀತಾ ಬಡೀತಾ ಥಟ್ಟನೆ ಪಕ್ಕಕ್ಕೆ ಜಿಗಿದು ಮತ್ತೆ ಮನೆಗೆ ಬರುತ್ತೆ. ಆ ಜಿಗಿತ ಆಮೇಲೆ ನೂರಾರು ಬ್ಯಾಂಡಲ್ಲಿ ಕೇಳ್ತೀರ. ಕ್ರಿಯೇಟರ್‌ನಲ್ಲೂ ಕೇಳ್ತೀರ.

ಇನ್ನೊಂದು, ಇದು ನಮ್ಮೂರಲ್ಲೇ ನಡೆದಿದ್ದು. 2011ರ ಅಕ್ಟೋಬರ್ 30, ಅರಮನೆ ಮೈದಾನದಲ್ಲಿ ಮೆಟಾಲಿಕಾ. ಸೋಲೋ ನುಡಿಸಿದ್ದು ಹ್ಯಾಮೆಟ್. 2012ರ ಅಕ್ಟೋಬರ್‌ನಲ್ಲಿ ಸ್ಲೇಯರ್ ಬೆಂಗಳೂರಿಗೆ ಬಂತು. ಅವರ ಗಿಟಾರಿಸ್ಟ್ ಜೆಫ್ ಹ್ಯಾನೆಮನ್ ಕಾಯಿಲೆ ಬಿದ್ದು ವೇದಿಕೆ ಹತ್ತೋ ಸ್ಥಿತಿಯಲ್ಲಿರಲಿಲ್ಲ, ಮುಂದಿನ ಮೇನಲ್ಲಿ ತೀರಿಕೊಂಡ. ಅವನ ಜಾಗದಲ್ಲಿ ನಿಂತಿದ್ದು ಯಾರು? ಗ್ಯಾರಿ ಹೋಲ್ಟ್. ಹೋಲ್ಟ್‌ಗೆ ಗಿಟಾರಿನ ಮೊದಲ ಪಾಠ ಹೇಳಿಕೊಟ್ಟವನು ಹ್ಯಾಮೆಟ್. ಎರಡು ವರ್ಷ, ಎರಡು ದಿಗ್ಗಜ ಬ್ಯಾಂಡು, ಎರಡರಲ್ಲೂ ಲೀಡ್ ಹಿಡಿದು ನಿಂತಿದ್ದವರು ಎಕ್ಸೋಡಸ್‌ನವರು. ಎಕ್ಸೋಡಸ್ ಹೆಸರಿನ ಟೀ ಶರ್ಟ್ ಹಾಕಿದ್ದವರು ಅವತ್ತು ನಮ್ಮ ಸುತ್ತ ಎಷ್ಟು ಜನ ಇದ್ರು? ನಾನು ಎಣಿಸಿದ್ದೆ. ಇಬ್ಬರು.

ಹುಬ್ಬಳ್ಳಿ ಹುಡುಗ:

ಅಣ್ಣಾ, ಇದನ್ನ ನಾ ವಿಚಾರ ಮಾಡಿದ್ದಿಲ್ಲ ನೋಡ್ರಿ. 2011ರಾಗ ನಾನೂ ಅಲ್ಲೇ ಇದ್ದೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಜನರಲ್ ಬೋಗಿದಾಗ ನಿಂತಕೊಂಡ ಬಂದಿದ್ವಿ ನಾಕ ಮಂದಿ. ಎರಡ ದಿನಾ ಮೊದಲ ಗುರಗಾಂವ್ ಕಾರ್ಯಕ್ರಮ ರದ್ದಾಗಿತ್ತು, ಇಲ್ಲೂ ಆಗ್ತದೇನೋ ಅಂತ ದಾರಿ ತುಂಬ ಜೀವ ಕೈಯಾಗ ಹಿಡಕೊಂಡ ಕುಂತಿದ್ವಿ. ದೀಪ ಆರಿ ಮೊದಲ ಗಿಟಾರ್ ಸದ್ದು ಬಂದಾಗ ನನ್ನ ಗೆಳೆಯ ಅತ್ತಬಿಟ್ಟ. ಹಿಂಗಾಗಿ ಮೆಟಾಲಿಕಾ ಬಗ್ಗೆ ಯಾರರೆ "1991ರ ಕರೀ ಆಲ್ಬಮ್ ಆದ ಮ್ಯಾಲ ಅವರು ಥ್ರ್ಯಾಶ್ ಅಲ್ಲ" ಅಂದ್ರ ನಂಗ ತ್ರಾಸ ಆಗ್ತದ. ವೇಗ ಬಿಟ್ರು, ಖರೆ. ಅದಕ್ಕಿಂತ ಮೊದಲ ನಾಕ ಆಲ್ಬಮ್ ಮಾಡ್ಯಾರಲ್ರಿ, ಅವನ್ನ ಯಾರು ಕಸಗೋಳಾಕ ಆಗ್ತದ?

ಮತ್ತ ಕುಡ್ಲ ಅಕ್ಕಾರ, ಆಂಥ್ರಾಕ್ಸ್ ಮಾತು ಹಿಂದ ತಗೋತೀನಿ. 'ಇಂಡಿಯನ್ಸ್' ಹಾಡಿನ ಅರ್ಥಾ ಹಿಡದು ನಿನ್ನೆ ರಾತ್ರಿ ಮತ್ತ ಕೇಳಿದೆ. ನಮ್ಮ ಚಕ್ ಬಿಲಿನೂ ಪೋಮೋ ಅನ್ನೂ ಮೂಲನಿವಾಸಿ ಕುಲದಾಂವ. ಹಂಗಾಗಿ ಆ ಹಾಡು ಟೆಸ್ಟಮೆಂಟ್ ಅಭಿಮಾನಿಗೂ ಹತ್ತಿರದ್ದು.

ಕ್ಯಾಸೆಟ್ ಕಾಲ:

ಹೋಲ್ಟ್ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ತಮ್ಮಾ. ನಾಲ್ಕರ ಪಟ್ಟಿ ಇರಲಿ ಅಂತ ನಾನು ಹೇಳ್ತಾ ಬಂದಿದ್ದು ಆ ಒಂದು ವರ್ಷದ ನಾಲ್ಕು ಆಲ್ಬಮ್ ನೋಡಿ. ಅದನ್ನ ಈಗಲೂ ಬಿಡಲ್ಲ. ಆದರೆ 'ಬಾಂಡೆಡ್ ಬೈ ಬ್ಲಡ್' 1984ರಲ್ಲೇ ಬಂದಿದ್ರೆ ನನ್ನ ಕೈಬರಹದ ಕ್ಯಾಸೆಟ್‌ಗಳ ಸಾಲಿನಲ್ಲಿ ಅದೂ ಇರ್ತಿತ್ತು. ನಮಗೆ ಅದು ತಲುಪಿದ್ದು ತಡವಾಗಿ. ತಲುಪದ್ದನ್ನ ಚಿಕ್ಕದು ಅಂದ್ಕೊಂಡಿದ್ದೆ ಅನ್ನಿಸ್ತಾ ಇದೆ. ಓವರ್‌ಕಿಲ್ ಅಭಿಮಾನಿಗೂ ಒಂದು ಮಾತು: ಸ್ಥಿರತೆಗೆ ನಮಸ್ಕಾರ. ಆದರೆ ಒಂದು ಆಲ್ಬಮ್ ಕೇಳಿ ಊರಿನ ಹುಡುಗರೆಲ್ಲ ಗಿಟಾರ್ ಹಿಡಿಯೋ ಶೈಲಿ ಬದಲಾಯಿಸಿದ್ರು ಅನ್ನೋ ಒಂದು ಕ್ಷಣ ಅವರದ್ದು ಯಾವುದು ಅಂತ ನನಗೆ ತೋರಿಸು, ನಾನು ಕೂತು ಕೇಳ್ತೀನಿ.

ರೂರ್ ಕಡೆಯಿಂದ:

ಬಸವನಗುಡಿಯವರೇ, ಕ್ರಿಯೇಟರ್‌ನಲ್ಲಿ ಹೋಲ್ಟ್‌ನ ಜಿಗಿತ ಕೇಳುತ್ತದೆ ಅಂದಿರಲ್ಲ, 1990ರ 'ಕೋಮಾ ಆಫ್ ಸೋಲ್ಸ್' ಹಾಕಿ ನೋಡಿದೆ. ಕೇಳುತ್ತದೆ. ಆದರೆ ಜಿಗಿದು ಮನೆಗೆ ಬರುವುದಿಲ್ಲ, ಇನ್ನೂ ಕತ್ತಲೆಯ ಕಡೆಗೆ ಹೋಗುತ್ತದೆ. ಅಲ್ಲಿ ಮಿಲ್ಲೆಯ ಸ್ವಂತ ಕೈ ಕಾಣುತ್ತದೆ. ಈ ವ್ಯತ್ಯಾಸವನ್ನು ಆ ಹುಡುಗನಿಗೆ ಕೇಳಿಸಿ.

ಕುಡ್ಲ ವಾಯ್ಸ್:

ಆ ಹುಡುಗನಿಗೆ ಎಂತ ಕೊಟ್ರಿ ಕಡೆಗೆ? ಅದು ಹೇಳಿ ಮೊದಲು.

ಬಸವನಗುಡಿ ರಿಫ್:

ಮೂರು ಆಲ್ಬಮ್ ಕೊಟ್ಟು ಕಳಿಸಿದ್ದೆ: 'ಬಾಂಡೆಡ್ ಬೈ ಬ್ಲಡ್', 'ಪ್ಲೆಶರ್ ಟು ಕಿಲ್', 'ಬಿನೀತ್ ದ ರಿಮೇನ್ಸ್'. ಇದು ಎಕ್ಸೋಡಸ್, ಇದು ಜರ್ಮನಿಯವರದು, ಇದು ಬ್ರೆಜಿಲ್‌ನವರದು ಅಂತಷ್ಟೇ ಹೇಳಿದ್ದೆ. ಯಾವುದು ದೊಡ್ಡದು ಅಂತ ಹೇಳಲಿಲ್ಲ.

ಇವತ್ತು ಬಂದ. ಮೊದಲು ಎಕ್ಸೋಡಸ್ ರಿಫ್ ನುಡಿಸ್ತಾನೆ ಅಂದ್ಕೊಂಡಿದ್ದೆ. ಇಲ್ಲ, 'ಬಿನೀತ್ ದ ರಿಮೇನ್ಸ್' ಮೊದಲ ಹಾಡನ್ನ ಕಲಿತು ಬಂದಿದ್ದ ಅಕ್ಕ. ನಿಧಾನದ ಶುರು ಚೆನ್ನಾಗಿ ಬಂತು. ವೇಗ ಏರೋ ಕಡೆ ಅಂಗೈ ಬ್ರಿಡ್ಜ್‌ನಿಂದ ಎದ್ದು ಹೋಗ್ತಿತ್ತು, ಸದ್ದು ಹರಡ್ತಿತ್ತು. ಅರ್ಧ ಗಂಟೆ ಅದೊಂದೇ ಜಾಗ ಹಿಡಿದು ಕೂತ್ವಿ. ಕೊನೆಗೆ ಒಂದು ಸಲ, ಒಂದೇ ಸಲ, ಪೂರ್ತಿ ಸರಿಯಾಗಿ ಬಂತು. ಅವನಿಗೇ ಗೊತ್ತಾಗಿ ನಕ್ಕುಬಿಟ್ಟ. ಎಕ್ಸೋಡಸ್ ಬಗ್ಗೆ ಕೇಳಿದ್ದಕ್ಕೆ, "ಸರ್, ಅದು ಇಷ್ಟು ದಿನ ಎಲ್ಲಿತ್ತು" ಅಂದ.

ಮುಂದಿನ ಭಾನುವಾರಕ್ಕೆ ಟೆಸ್ಟಮೆಂಟ್ ಕೊಡೋಣ ಅಂತಿದೀನಿ. ಹುಬ್ಬಳ್ಳಿ ತಮ್ಮ, ಯಾವುದರಿಂದ ಶುರು ಮಾಡಿಸ್ಲಿ?

ಹುಬ್ಬಳ್ಳಿ ಹುಡುಗ:

'ದ ನ್ಯೂ ಆರ್ಡರ್' ಕೊಡ್ರಿ ಅಣ್ಣಾ, 'ಲೆಗಸಿ' ಆಮ್ಯಾಲೆ. ಸೋಲೋ ಬರೂ ಮುಂದ ಹೆಡ್‌ಫೋನ್ ಹಾಕ್ಕೊಂಡ ಕೇಳಂತ ಹೇಳ್ರಿ ಅವಂಗ.